ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

20 ಮೇ 2023, ಶನಿವಾರ
ಕ್ವಿನ್ಸಿ, ಮ್ಯಾಸಚೂಸೆಟ್ಸ್

ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ಹಾಲ್‌ನಿಂದ ಜೈಕಾರ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ ಅಮ್ಮ ಶಾಲು ಹೊದ್ದು, ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಫೋನಿನಲ್ಲಿ ಕಂಠೀರವ ಸ್ಟೇಡಿಯಂ ನೋಡುತ್ತಿದ್ದಳು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಸಿದ್ದರಾಮಯ್ಯ ಪ್ರಮಾಣವಚನ. "ಐದು ವರ್ಷ ಆದ್ಮೇಲೆ ಮತ್ತೆ ಬಂದ್ರು ನೋಡೋ ನಮ್ಮೂರೋರು" ಎಂದಳು. ಮೈಸೂರಿನಿಂದ ಬಂದು ಐದು ದಿನವಾದರೂ ಅವಳ ಗಡಿಯಾರ ಇನ್ನೂ ಕುವೆಂಪುನಗರದಲ್ಲೇ ಇದೆ.

ನನಗೆ ಈ ದಿನ ನೆನಪಿದ್ದದ್ದು ಬೇರೆ ಕಾರಣಕ್ಕೆ. 'ಚಿಯರ್ಸ್' ಕಾಮಿಡಿ ಸೀರಿಯಲ್‌ನ ಕೊನೆಯ ಕಂತು ಬಂದದ್ದು 1993ರ ಮೇ 20ರಂದು. ಇವತ್ತಿಗೆ ಸರಿಯಾಗಿ 30 ವರ್ಷ. ಬಾಸ್ಟನ್‌ನ ಒಂದು ಬಾರಿನ ಕಥೆ ಅದು. ಇಷ್ಟು ಹತ್ತಿರದಲ್ಲಿದ್ದೂ ಅಮ್ಮನಿಗೆ ಆ ಜಾಗ ತೋರಿಸದಿದ್ದರೆ ಹೇಗೆ ಅಂತ ಬೆಳಿಗ್ಗೆ ಹೊರಟೇಬಿಟ್ಟೆವು. ರೆಡ್ ಲೈನ್ ರೈಲಿನಲ್ಲಿ ಪಾರ್ಕ್ ಸ್ಟ್ರೀಟ್‌ವರೆಗೆ, ಅಲ್ಲಿಂದ ನಡಿಗೆ. ಪಬ್ಲಿಕ್ ಗಾರ್ಡನ್‌ನಲ್ಲಿ ಹಂಸದ ಆಕಾರದ ದೋಣಿಗಳಿವೆ, 1877ರಿಂದಲೂ ಓಡುತ್ತಿವೆ. ಅಮ್ಮನಿಗೆ ಅದೇ ಸಾಕಾಗಿತ್ತು. ಬಲವಂತ ಮಾಡಿ ಎದುರಿನ ಬೀಕನ್ ಸ್ಟ್ರೀಟ್‌ಗೆ ಕರೆದುಕೊಂಡು ಹೋದೆ.

ರಸ್ತೆಯಿಂದ ನಾಲ್ಕಾರು ಮೆಟ್ಟಿಲು ಕೆಳಗಿಳಿದರೆ ಬಾಗಿಲು. ಆಗಿನ ಕಾಲದಲ್ಲಿ ಅದು ಬುಲ್ ಅಂಡ್ ಫಿಂಚ್ ಪಬ್. ಸೀರಿಯಲ್‌ನಲ್ಲಿ ಹೊರಗಿನ ನೋಟ ಮಾತ್ರ ಇಲ್ಲಿಯದು, ಒಳಗಿನದೆಲ್ಲ ಲಾಸ್ ಏಂಜಲಿಸ್‌ನ ಸ್ಟುಡಿಯೋ ಸೆಟ್. ಅಮ್ಮ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು. "ಬಾರಿಗೆ ಕರ್ಕೊಂಡ್ ಬಂದ್ಯೇನೋ?" ಆಮೇಲೆ ಕಂಬಿ ಹಿಡಿದು ನಿಧಾನಕ್ಕೆ ಇಳಿದಳು. ನಿಂಬೆ ಪಾನಕ ಕುಡಿದಳು, ಆಲೂಗಡ್ಡೆ ಫ್ರೈಸ್ ತಿಂದಳು, ಉಪ್ಪು ಜಾಸ್ತಿ ಎಂದಳು. ಹೊರಗೆ ಬಂದ ಮೇಲೆ, "ನಿಮ್ಮ ದೊಡ್ಡಮ್ಮನಿಗೆ ಮಾತ್ರ ಹೇಳ್ಬೇಡ" ಅಂತ ತಾಕೀತು.

ಸಂಜೆ ಉಪ್ಪಿಟ್ಟು ತಿಂದು ಕೊನೆಯ ಕಂತು ಹಾಕಿದೆ. ಮಾಮೂಲಿಗಿಂತ ಉದ್ದದ ಕಂತು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದ್ದರಿಂದ ಹಿಂದಿನ ಕಥೆಯನ್ನು ನಾನೇ ಹೇಳಬೇಕಾಯಿತು. ಸ್ಯಾಮ್ ಮಲೋನ್ ಒಂದು ಕಾಲಕ್ಕೆ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಆಟಗಾರ. ಕುಡಿತಕ್ಕೆ ಬಿದ್ದ, ಬಿಟ್ಟ, ಈಗ ಈ ಬಾರ್ ನಡೆಸುತ್ತಾ ತಾನು ಮುಟ್ಟದ ಹೆಂಡವನ್ನು ಊರಿಗೆಲ್ಲ ಹಂಚುತ್ತಾನೆ. ಡಯೇನ್ ಓದಿದವಳು, ಮಾತಿನ ಮಲ್ಲಿ. ಮೊದಲ ಕಂತಿನಲ್ಲೇ ಅವಳನ್ನು ಮದುವೆಯಾಗಬೇಕಿದ್ದ ಪ್ರೊಫೆಸರ್ ಇದೇ ಬಾರಿನಲ್ಲಿ ಕೈಕೊಟ್ಟು ಹೋಗುತ್ತಾನೆ. ಅವಳು ಅಲ್ಲೇ ವೇಟ್ರೆಸ್ ಆಗುತ್ತಾಳೆ. ಐದು ಸೀಸನ್ ಇಬ್ಬರೂ ಜಗಳವಾಡಿ, ಪ್ರೀತಿಸಿ, ಮತ್ತೆ ಜಗಳವಾಡಿ, ಕೊನೆಗೆ ಮದುವೆಯ ದಿನವೂ ಬರುತ್ತದೆ. ಆಗ ಅದೇ ಪ್ರೊಫೆಸರ್ ಹಾಜರ್! ನೀನು ಬರೆದದ್ದನ್ನು ಪ್ರಕಾಶಕರು ಮೆಚ್ಚಿದ್ದಾರೆ ಅಂತ ಸುದ್ದಿ ತಂದಿರುತ್ತಾನೆ. ಬರೆದು ಮುಗಿಸು ಹೋಗು ಅಂತ ಸ್ಯಾಮೇ ಅವಳನ್ನು ಕಳಿಸುತ್ತಾನೆ. ಆರು ತಿಂಗಳಲ್ಲಿ ಬರುತ್ತೇನೆ ಅಂತ ಅವಳು ಹೋಗುತ್ತಾಳೆ. ಅದು 1987. ನಟಿ ಶೆಲ್ಲಿ ಲಾಂಗ್ ನಿಜವಾಗಿಯೂ ಸೀರಿಯಲ್ ಬಿಟ್ಟು ಹೋದ ವರ್ಷ.

"ಬಂದ್ಲಾ?"

"ಆರು ವರ್ಷ ಆದ್ಮೇಲೆ."

"ಥೂ" ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, ಟಿವಿ ಕಡೆಗೇ ನೋಡುತ್ತಾ, "ನೀನೂ ಎರಡೇ ವರ್ಷ ಅಂತ ತಾನೆ ಹೇಳಿ ಬಂದಿದ್ದು?" ಎಂದಳು. ನಾನು ಬಂದು ಹದಿನಾಲ್ಕು ವರ್ಷ. ಸುಮ್ನೆ ರಿಮೋಟ್ ಒತ್ತಿದೆ.

ಬಾರಿನ ಟಿವಿಯಲ್ಲಿ ಯಾವುದೋ ಪ್ರಶಸ್ತಿ ಸಮಾರಂಭ ನಡೆಯುತ್ತಿರುತ್ತದೆ. ವೇದಿಕೆ ಮೇಲೆ ಡಯೇನ್! ಸ್ಯಾಮ್ ಅಭಿನಂದನೆಯ ಟೆಲಿಗ್ರಾಂ ಕಳಿಸುತ್ತಾನೆ. ಅವಳು ಫೋನ್ ಮಾಡುತ್ತಾಳೆ. ಇವನು ಬಾಯಿಮಾತಿಗೆ ಒಮ್ಮೆ ಬಾ ಅನ್ನುತ್ತಾನೆ, ಅವಳು ಬಂದೇ ಬಿಡುತ್ತಾಳೆ. "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ" ಅಂತ ಅಮ್ಮ ಮೊದಲೇ ತೀರ್ಪು ಕೊಟ್ಟಾಗಿತ್ತು. ಬಾರಿನ ಬಾಗಿಲಿಗೆ ಇದಕ್ಕಿಂತ ಒಪ್ಪುವ ಗಾದೆ ನನಗಂತೂ ಗೊತ್ತಿಲ್ಲ.

ಮುಂದಿನ ಊಟದ ದೃಶ್ಯವನ್ನು ಎರಡು ಸಲ ನೋಡಿದೆವು. ನನಗೆ ಮದುವೆಯಾಗಿದೆ, ಮಕ್ಕಳಿವೆ ಅಂತ ಇಬ್ಬರೂ ಸುಳ್ಳು ಹೇಳಿರುತ್ತಾರೆ. ಅವಳು ಒಬ್ಬ ಬಾಡಿಗೆ ಗಂಡನನ್ನು ಕರೆತಂದಿದ್ದಾಳೆ. ಇವನು ಬಾರಿನಲ್ಲಿ ಕೆಲಸ ಮಾಡುವ ರೆಬೆಕಾಳನ್ನು ಹೆಂಡತಿ ಅಂತ ಕೂರಿಸಿಕೊಂಡಿದ್ದಾನೆ. ಅಷ್ಟರಲ್ಲಿ ರೆಬೆಕಾಳನ್ನು ಪ್ರೀತಿಸುವ ಪ್ಲಂಬರ್ ನುಗ್ಗಿ ಬಂದು ನನ್ನನ್ನು ಮದುವೆಯಾಗು ಅನ್ನುತ್ತಾನೆ. ಅವಳು ಕುಣಿಯುತ್ತಾ ಒಪ್ಪುತ್ತಾಳೆ. ಸ್ಯಾಮ್‌ನ ಮುಖದಲ್ಲಿ ರಕ್ತವಿಲ್ಲ, ಡಯೇನ್ ಬೀಗುತ್ತಿದ್ದಾಳೆ. ಇನ್ನೇನು ಗೆದ್ದೆ ಅನ್ನುವಾಗ ಅವಳ 'ಗಂಡ'ನ ನಿಜವಾದ ಸಂಗಾತಿ ಬಂದು ರೇಗಾಡುತ್ತಾನೆ. ಬಂದವನೂ ಗಂಡಸು. ಅಮ್ಮನಿಗೆ ಇದನ್ನು ಹೇಗೆ ವಿವರಿಸಲಿ ಅಂತ ಯೋಚಿಸುತ್ತಿದ್ದೆ, ಅವಳು ನನಗಿಂತ ಮುಂಚೆ ನಗಲು ಶುರು ಮಾಡಿದ್ದಳು.

ನನ್ನ ಪ್ರಕಾರ ಆ ಇಬ್ಬರ ಕಥೆ ಅಲ್ಲೇ ಮುಗಿಯಿತು. ನೀನಿಲ್ಲದೆ ನಾನು ಚೆನ್ನಾಗಿದ್ದೇನೆ ಅಂತ ತೋರಿಸಲು ಬಂದವರು. ಆಟ ಡ್ರಾ ಆಯಿತು. ಡ್ರಾ ಆದ ಖುಷಿಗೆ ಇಬ್ಬರೂ ಮದುವೆಯಾಗೋಣ ಅನ್ನುತ್ತಾರೆ, ಅದು ಎಷ್ಟು ದಿನ ಬಾಳುತ್ತದೆ? ಬರೆದ ಗ್ಲೆನ್ ಮತ್ತು ಲೆಸ್ ಚಾರ್ಲ್ಸ್ ಸಹೋದರರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಆದರೆ ಆ ಇಬ್ಬರನ್ನು ಬೇರೆ ಮಾಡುವ ದಾರಿ ಮಾತ್ರ ಸಪ್ಪೆ. ಇಬ್ಬರೂ ವಿಮಾನ ಹತ್ತಿ ಕೂತಿರುವಾಗ ಸ್ಪೀಕರಿನ ದನಿ ಅವರಿಗೇ ಬುದ್ಧಿ ಹೇಳಿದಂತೆ ಕೇಳಿಸುತ್ತದೆ, ಇಬ್ಬರಿಗೂ ಅನುಮಾನ ಶುರುವಾಗುತ್ತದೆ. ಹನ್ನೊಂದು ವರ್ಷ ಬರೀ ಮಾತಿನ ಬಲದಿಂದ ನಗಿಸಿದವರಿಗೆ ಈ ಆಕಾಶವಾಣಿ ಯಾಕೆ ಬೇಕಿತ್ತೋ!

ಕೊನೆಯ ಹತ್ತು ನಿಮಿಷ ಅದನ್ನೆಲ್ಲ ಮರೆಸಿಬಿಡುತ್ತದೆ. ಸ್ಯಾಮ್ ವಾಪಸ್ ಬಂದಿದ್ದಾನೆ. ಗೆಳೆಯರೆಲ್ಲ ಚುಟ್ಟಾ ಸೇದುತ್ತಾ ಬದುಕಿನ ಅರ್ಥ ಏನು ಅಂತ ಹರಟುತ್ತಾರೆ. ಅಂಚೆ ಹಂಚುವ ಕ್ಲಿಫ್ ಪ್ರಕಾರ ಕಾಲಿಗೆ ಹಿತವಾದ ಶೂ. "ಸರಿಯಾಗಿ ಹೇಳ್ದ" ಎಂದಳು ಮಂಡಿನೋವಿನ ಅಮ್ಮ. ಒಬ್ಬೊಬ್ಬರೇ ಏಳುತ್ತಾರೆ. ದಿನಾ ಬರುವ ಗಿರಾಕಿ ನಾರ್ಮ್ ಕೊನೆಗೆ ಉಳಿದು, ಮನುಷ್ಯ ತನ್ನ ನಿಜವಾದ ಪ್ರೀತಿಯ ಹತ್ತಿರ ವಾಪಸ್ ಬಂದೇ ಬರುತ್ತಾನೆ ಅನ್ನುವಂತೆ ಹೇಳಿ ಹೋಗುತ್ತಾನೆ. ಡಯೇನ್ ಅಲ್ಲ, ಬಾರು.

ಬಾರಿನ ಹಿಂದಿನ ಗೋಡೆಯಲ್ಲಿ ಅಮೆರಿಕದ ಮೂಲನಿವಾಸಿ ಅಪಾಚೆ ಜನರ ನಾಯಕ ಜೆರೊನಿಮೊನ ಒಂದು ಚಿತ್ರ ತೂಗುಹಾಕಿದೆ. ಮೊದಲ ಸೀಸನ್‌ಗಳಲ್ಲಿ ಬಾರಿನ ಕೆಲಸಗಾರ 'ಕೋಚ್'ನ ಪಾತ್ರ ಮಾಡುತ್ತಿದ್ದ ನಟ ನಿಕೊಲಸ್ ಕೊಲಸ್ಯಾಂಟೊ 1985ರಲ್ಲಿ ತೀರಿಕೊಂಡರು. ಅದು ಅವರ ಮೇಕಪ್ ಕೋಣೆಯಲ್ಲಿದ್ದ ಚಿತ್ರ, ಆಮೇಲೆ ಸೆಟ್ಟಿಗೆ ಬಂತು. ಸ್ಯಾಮ್ ಹೋಗುತ್ತಾ ಹೋಗುತ್ತಾ ಅದರ ಓರೆಯನ್ನು ಎರಡು ಬೆರಳಲ್ಲಿ ಸರಿ ಮಾಡುತ್ತಾನೆ. ಒಂದು ಮಾತಿಲ್ಲ. ಆ ರಾತ್ರಿ ಅಮೆರಿಕದಲ್ಲಿ 8 ಕೋಟಿ ಜನ ನೋಡಿದ ಕಂತು ಇದು. ಅವರಲ್ಲಿ ಎಷ್ಟು ಜನಕ್ಕೆ ಆ ಬೆರಳು ಕಂಡಿತೋ. ನಾನು ನಿಲ್ಲಿಸಿ ಅಮ್ಮನಿಗೆ ತೋರಿಸಿದೆ.

ಅದಕ್ಕೆ ಸ್ವಲ್ಪ ಮುಂಚೆ ಕತ್ತಲಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಬಾರ್ ಮುಚ್ಚಿದೆ ಅನ್ನುತ್ತಾನೆ ಸ್ಯಾಮ್. ಅದೇ ಇಡೀ ಸೀರಿಯಲ್‌ನ ಕೊನೆಯ ಮಾತು. ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ದೀಪ ಹಾಕಿ ಅಮ್ಮನ ಮುಖ ನೋಡಿದೆ. ಅವಳಿಗೆ ಡಯೇನ್ ಹೋದದ್ದರ ಬೇಸರವೇನೂ ಇದ್ದಂತಿರಲಿಲ್ಲ.

"ಅಷ್ಟು ಹೊತ್ನಲ್ಲಿ ಬಂದಿದ್ನಲ್ಲ, ಪಾಪ" ಎಂದಳು. "ಒಂದು ಲೋಟ ಕೊಟ್ಟು ಕಳ್ಸಿದ್ರೆ ಇವನ ಗಂಟೇನು ಹೋಗ್ತಿತ್ತು?"