ಓಪನ್ ಕ್ಯಾರಿಗಾಗಿ ಬಂಧನ: ಅಮೆರಿಕದಲ್ಲಿ ದಾವೆ ಹೂಡುವವರಿಗೆ

ಕಾನೂನು ಒಪ್ಪಿದ ರಾಜ್ಯದಲ್ಲಿ ಸೊಂಟದ ಬಂದೂಕು ಕಾಣುವಂತೆ ನಡೆದದ್ದಕ್ಕೆ (ಇದೇ ಓಪನ್ ಕ್ಯಾರಿ) ಕೈಕೋಳ ಬಿದ್ದರೆ ಅನ್ಯಾಯವೇ ಸರಿ. ಆದರೆ ಇಂಥ ಎಷ್ಟೋ ದಾವೆಗಳು ನ್ಯಾಯವಿಲ್ಲದೆ ಸೋಲುವುದಿಲ್ಲ, ತಡ ಮಾಡಿದ್ದಕ್ಕೆ ಸೋಲುತ್ತವೆ.

ದಾವೆಯ ಆಧಾರ ಫೆಡರಲ್ ಕಾನೂನಿನ ಸೆಕ್ಷನ್ 1983; ಸಂವಿಧಾನದ ಹಕ್ಕು ಮುರಿದ ಅಧಿಕಾರಿಗಳ ಮೇಲೆ ದಾವೆ ಹೂಡಲು ಬಿಡುವುದು ಅದೇ. ಅದಕ್ಕೆ ಸ್ವಂತ ಕಾಲಮಿತಿ ಇಲ್ಲ. ಆಯಾ ರಾಜ್ಯದ ದೇಹಗಾಯದ ದಾವೆಗಳ ಮಿತಿಯೇ ಅನ್ವಯ. ಟೆನೆಸಿಯಲ್ಲಿ 1 ವರ್ಷ, ಒಹಾಯೊದಲ್ಲಿ 2. ಕ್ರಿಮಿನಲ್ ಕೇಸು ಮುಗಿಯಲೆಂದು ಕಾಯುವವರು ಇಲ್ಲೇ ಎಡವುವುದು. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ವಾಲೇಸ್ ವಿರುದ್ಧ ಕೇಟೊ ತೀರ್ಪಿನ ಪ್ರಕಾರ, ವಾರಂಟ್ ಇಲ್ಲದೆ ಹಿಡಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗಲೇ ಗಡಿಯಾರ ಓಡತೊಡಗುತ್ತದೆ. ಕ್ರಿಮಿನಲ್ ಕೇಸು ಬಾಕಿ ಇದ್ದರೂ ದಾವೆ ಹೂಡಿ, ಆ ಕೇಸು ಮುಗಿಯುವವರೆಗೆ ದಾವೆಗೆ ತಡೆ ಕೋರಬಹುದು. ರಾಜ್ಯ ಕಾನೂನಿನಡಿಯೂ ಪರಿಹಾರ ಬೇಕಿದ್ದರೆ ಪ್ರತ್ಯೇಕ ಲಿಖಿತ ನೋಟಿಸ್‌ನ ಗಡುವು ಇನ್ನೂ ಚಿಕ್ಕದಿರಬಹುದು; ಪೆನ್ಸಿಲ್ವೇನಿಯಾದ ಸ್ಥಳೀಯ ಸಂಸ್ಥೆಗಳಿಗೆ 6 ತಿಂಗಳು.

ಸಣ್ಣ ದಂಡ ಕಟ್ಟಿ ತಪ್ಪೊಪ್ಪಿಕೊಂಡು ಮನೆಗೆ ಹೋಗುವ ಆಮಿಷಕ್ಕೆ ಬೀಳಬೇಡಿ. ಆ ಒಪ್ಪಿಗೆಯನ್ನೇ ಬಂಧನಕ್ಕೆ ಕಾರಣವಿತ್ತೆನ್ನಲು ಪೊಲೀಸರ ವಕೀಲರು ಬಳಸುತ್ತಾರೆ. ಕೇಸು ಕೈಬಿಡುವುದಕ್ಕೆ ಪ್ರತಿಯಾಗಿ ದಾವೆ ಹೂಡುವುದಿಲ್ಲವೆಂಬ ಕರಾರೂ ಸ್ವಇಚ್ಛೆಯಿಂದ ಸಹಿ ಮಾಡಿದ್ದರೆ ಊರ್ಜಿತವಾಗಬಹುದು. ವಕೀಲರು ಓದದೆ ಯಾವುದಕ್ಕೂ ಸಹಿ ಬೇಡ.

ಮುಖ್ಯ ಜಗಳ ನಡೆಯುವುದು 'ಪ್ರೊಬಬಲ್ ಕಾಸ್', ಅಂದರೆ ಅಪರಾಧ ನಡೆದಿದೆ ಎಂದು ನಂಬಲು ಪೊಲೀಸರಿಗೆ ಇರಬೇಕಾದ ಸಮಂಜಸ ಆಧಾರದ ಸುತ್ತ. ಪೊಲೀಸರು ಹೇಳಿದ ಅಪರಾಧಕ್ಕೆ ಆಧಾರವಿರದಿದ್ದರೂ, ಅವರಿಗೆ ಆಗ ಗೊತ್ತಿದ್ದ ಸಂಗತಿಗಳು ಬೇರೊಂದು ಅಪರಾಧಕ್ಕೆ ಹೊಂದಿದರೆ ಬಂಧನ ಸರಿಯೆಂದೇ ಲೆಕ್ಕ. ಬಂದೂಕಿನ ಮೇಲೆ ಕೈಯಿಟ್ಟಿದ್ದು, ಶಾಲೆಯ ಹತ್ತಿರವಿದ್ದದ್ದು ಎಲ್ಲವನ್ನೂ ಅವರು ಹುಡುಕಿ ತೆಗೆಯುತ್ತಾರೆ.

ಆಮೇಲೆ ಬರುವುದು ಕ್ವಾಲಿಫೈಡ್ ಇಮ್ಯುನಿಟಿ, ಅಂದರೆ ಅಧಿಕಾರಿಯನ್ನು ವೈಯಕ್ತಿಕ ಹೊಣೆಯಿಂದ ಕಾಯುವ ಗುರಾಣಿ. ನಿಮ್ಮ ಯಾವ ಹಕ್ಕಿಗೆ ಧಕ್ಕೆಯಾಯಿತೋ ಅದು ಬಂಧನದ ಹೊತ್ತಿಗಾಗಲೇ ಸ್ಪಷ್ಟವಾಗಿ ಸ್ಥಾಪಿತವಾಗಿತ್ತೆಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಒಹಾಯೊದ ಟೊಲೀಡೊದಲ್ಲಿ ನಾಯಿಯೊಂದಿಗೆ ನಡೆಯುತ್ತಿದ್ದವರನ್ನು ಹಿಡಿದ ಪ್ರಕರಣದಲ್ಲಿ 6ನೇ ಸರ್ಕ್ಯೂಟ್ (ಕೆಲವು ರಾಜ್ಯಗಳ ಮೇಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ) 2015ರಲ್ಲಿ ಅಧಿಕಾರಿಗೆ ಆ ರಕ್ಷಣೆ ನಿರಾಕರಿಸಿತು: ಓಪನ್ ಕ್ಯಾರಿ ಕಾನೂನುಬದ್ಧವಾಗಿರುವಲ್ಲಿ ಬಂದೂಕು ಕಂಡದ್ದಷ್ಟೇ ಅನುಮಾನಕ್ಕೆ ಆಧಾರವಲ್ಲ. ಒಹಾಯೊ, ಮಿಷಿಗನ್, ಕೆಂಟಕಿ, ಟೆನೆಸಿಯವರಿಗೆ ಇದು ಬಲವಾದ ಅಸ್ತ್ರ. ಬೇರೆ ಕಡೆಯವರು ತಮ್ಮ ಸರ್ಕ್ಯೂಟ್‌ನ ತೀರ್ಪನ್ನೇ ಹುಡುಕಬೇಕು.

ನಗರವನ್ನೂ ಪ್ರತಿವಾದಿ ಮಾಡಬೇಕೆಂದರೆ 1978ರ ಮೊನೆಲ್ ತೀರ್ಪು ಅಡ್ಡ ಬರುತ್ತದೆ. ಸಿಬ್ಬಂದಿ ತಪ್ಪು ಮಾಡಿದರೆಂಬುದು ಸಾಲದು, ಇಲಾಖೆಯ ನೀತಿಯೋ ರೂಢಿಯೋ ತರಬೇತಿಯ ಕೊರತೆಯೋ ಅದಕ್ಕೆ ಕಾರಣವಾಗಿರಬೇಕು.

ಸಾಕ್ಷ್ಯದ ಕೆಲಸ ಮೊದಲ ವಾರದಲ್ಲೇ ಆಗಲಿ. ಬಾಡಿ ಕ್ಯಾಮೆರಾ, ಗಸ್ತು ವಾಹನದ ವಿಡಿಯೊ, 911 ತುರ್ತು ಕರೆ, ಪೊಲೀಸರನ್ನು ಕಳುಹಿಸಿದ ಡಿಸ್ಪ್ಯಾಚ್ ದಾಖಲೆ ಇವನ್ನೆಲ್ಲ ಅಳಿಸದಂತೆ ಇಲಾಖೆಗೆ ಪತ್ರ ಬರೆಯಿರಿ. ದಾಖಲೆಗಳ ಅರ್ಜಿ ಬೇರೆಯೇ ಹಾಕಿ. ಅಕ್ಕಪಕ್ಕದ ಅಂಗಡಿಗಳ ಕ್ಯಾಮೆರಾಗಳು ಹಳೆಯ ವಿಡಿಯೊ ಮೇಲೆ ಹೊಸದನ್ನು ಬರೆಯುತ್ತವೆ, ಅಲ್ಲಿಗೆ ಮೊದಲು ಹೋಗಿ. ಅಧಿಕಾರಿಗಳ ಹೆಸರು, ಬ್ಯಾಡ್ಜ್ ಸಂಖ್ಯೆ ಈಗಲೇ ಪಡೆಯಿರಿ. 'ಅನಾಮಧೇಯ ಅಧಿಕಾರಿ' ಎಂದು ಹೂಡಿ, ಕಾಲಮಿತಿ ದಾಟಿದ ಮೇಲೆ ಹೆಸರು ಸೇರಿಸಲು ಹಲವು ನ್ಯಾಯಾಲಯಗಳು ಬಿಡುವುದಿಲ್ಲ.

ಗೆದ್ದರೆ ಸೆಕ್ಷನ್ 1988ರಡಿ ಎದುರು ಪಕ್ಷದಿಂದ ವಕೀಲರ ಶುಲ್ಕ ಕೇಳಬಹುದು. ಆದರೆ ಪರಿಹಾರ ಬರೀ ನಾಮಮಾತ್ರದ್ದಾದರೆ ಆ ಶುಲ್ಕ ಸೊನ್ನೆಗೂ ಇಳಿಯಬಹುದು. ಆದ್ದರಿಂದ ಕಳೆದುಕೊಂಡ ಸಂಬಳ, ಜಾಮೀನಿನ ಖರ್ಚು, ಚಿಕಿತ್ಸೆಯ ಬಿಲ್ಲು ಎಲ್ಲಕ್ಕೂ ರಸೀದಿ ಇಟ್ಟುಕೊಳ್ಳಿ.