ಶಿಲುಬೆಯ ಮೇಲೆ ಬರೆದ ಬಿರುದು

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಬಿರುದುಗಳಿಗೆ ಬರವಿಲ್ಲ. ವಿಜಯನಗರದ ಅರಸರ ಶಾಸನಗಳನ್ನು ಓದಿದವರಿಗೆ ‘ಅರಿರಾಯ ವಿಭಾಡ’, ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಮಾತುಗಳು ಪರಿಚಿತ; ವೈರಿಗಳನ್ನು ಮುರಿದವನು, ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ದಂಡಿಸುವವನು ಎಂದು ಆ ಕಲ್ಲುಗಳು ಸಾರುತ್ತವೆ. ಇಂಥ ನೆಲದಲ್ಲಿ, ನವೆಂಬರ್ ತಿಂಗಳ ಕೊನೆಯ ವಾರಗಳಲ್ಲಿ, ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿರುವಾಗಲೇ ಕಥೋಲಿಕರಾದ ನಾವು ಯೇಸುಸ್ವಾಮಿಯನ್ನು ‘ಕ್ರಿಸ್ತರಾಜ’ ಎಂದು ಕೊಂಡಾಡುತ್ತೇವೆ. ರಾಜ ಎಂದೊಡನೆ ಆನೆ, ಕುದುರೆ, ಕೋಟೆಗಳೇ ಕಣ್ಮುಂದೆ ಬರುವ ನಾಡಿನವರಾದ ನಮಗೆ ಈ ಬಿರುದಿನ ಬಗ್ಗೆ ಸ್ವಲ್ಪ ನಿಂತು ಯೋಚಿಸುವ ಅಗತ್ಯ ಹೆಚ್ಚಾಗಿಯೇ ಇದೆ.

ಈ ಹಬ್ಬ ಬಹಳ ಹಳೆಯದೇನಲ್ಲ. ಮೊದಲ ಮಹಾಯುದ್ಧದಲ್ಲಿ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿ, ಅವುಗಳ ಜಾಗದಲ್ಲಿ ಜನರ ಸಂಪೂರ್ಣ ನಿಷ್ಠೆಯನ್ನು ಬೇಡುವ ಹೊಸ ಆಳುವವರು ತಲೆಯೆತ್ತುತ್ತಿದ್ದ ಹೊತ್ತಿನಲ್ಲಿ, 1925ರಲ್ಲಿ, ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಪೋಪ್ ಹನ್ನೊಂದನೆಯ ಪಿಯುಸ್ ಅವರು ಇದನ್ನು ಸ್ಥಾಪಿಸಿದರು. 1969ರ ಪರಿಷ್ಕರಣೆಯ ನಂತರ ಇದು ಪೂಜಾವರ್ಷದ ಕೊನೆಯ ಭಾನುವಾರಕ್ಕೆ ಬಂತು. ಅಂದಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಮೂರು ವರ್ಷಗಳ ಸರದಿಯಲ್ಲಿ ಬದಲಾಗುತ್ತದೆ. ಒಂದು ವರ್ಷ ರೋಮಿನ ರಾಜ್ಯಪಾಲ ಪಿಲಾತನ ಮುಂದೆ ಕೈದಿಯಾಗಿ ನಿಂತ ಯೇಸು, ಒಂದು ವರ್ಷ ಇಬ್ಬರು ಅಪರಾಧಿಗಳ ನಡುವೆ ತೂಗುತ್ತಿರುವ ಯೇಸು, ಮತ್ತೊಂದು ವರ್ಷ ಹಸಿದವರಲ್ಲಿಯೂ ಸೆರೆಯಲ್ಲಿರುವವರಲ್ಲಿಯೂ ತನ್ನನ್ನೇ ಗುರುತಿಸಿ ತೀರ್ಪು ನೀಡುವ ಯೇಸು. ರಾಜನ ಹಬ್ಬಕ್ಕೆ ಧರ್ಮಸಭೆ ಆರಿಸಿಕೊಂಡ ಈ ಮೂರು ವಾಚನಗಳಲ್ಲಿ ಎಲ್ಲಿಯೂ ಪಟ್ಟಾಭಿಷೇಕವಿಲ್ಲ.

ಜನರು ಸಂತೋಷದಿಂದ ಈ ಬಿರುದನ್ನು ಕೊಡಲು ಬಂದದ್ದೂ ಉಂಟು. ಐದು ರೊಟ್ಟಿಗಳಿಂದ ಐದು ಸಾವಿರ ಮಂದಿಯ ಹಸಿವು ತಣಿದ ದಿನ, ಹಿಡಿದುಕೊಂಡು ಹೋಗಿಯಾದರೂ ಆತನನ್ನು ಅರಸನನ್ನಾಗಿ ಮಾಡಬೇಕೆಂದು ಅವರು ಹೊರಟಾಗ ಯೇಸು ಒಬ್ಬನೇ ಬೆಟ್ಟಕ್ಕೆ ಹೊರಟುಹೋದನೆಂದು ಸಂತ ಯೊವಾನ್ನರು ಬರೆಯುತ್ತಾರೆ. ಹೊಟ್ಟೆ ತುಂಬಿದವರು ಕೊಡಬಂದ ಬಿರುದಿನಿಂದ ದೂರ ಸರಿದಾತ, ಅದೇ ಬಿರುದನ್ನು ವೈರಿಗಳು ಮುಳ್ಳಿನ ಕಿರೀಟದೊಡನೆ ತಲೆಗಿಟ್ಟಾಗ ಬಾಯಿ ತೆರೆಯಲಿಲ್ಲ. ನಮ್ಮ ಚರ್ಚುಗಳ ಶಿಲುಬೆಗಳನ್ನು ಹತ್ತಿರದಿಂದ ನೋಡಿದವರಿಗೆ ಯೇಸುವಿನ ತಲೆಯ ಮೇಲಿರುವ ಪುಟ್ಟ ಹಲಗೆ ಗೊತ್ತಿರುತ್ತದೆ. ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂದು ಪಿಲಾತನು ಹಿಬ್ರೂ, ಲತೀನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆಯಿಸಿದ ಫಲಕವದು. ಅದನ್ನು ತಿದ್ದಬೇಕೆಂದು ಯಾಜಕರು ಒತ್ತಾಯಿಸಿದಾಗ, ಬರೆದದ್ದು ಬರೆದಾಯಿತೆಂದು ಅವನು ಅವರನ್ನು ಕಳುಹಿಸಿಬಿಟ್ಟ. ಅವಮಾನಕ್ಕಾಗಿ ಬರೆದದ್ದೇ ನಮ್ಮ ವಿಶ್ವಾಸದ ಮಾತಾಯಿತು. ಕ್ರಿಸ್ತನ ಯಾವ ಬಿರುದನ್ನೂ ಆ ಹಲಗೆಯ ಕೆಳಗೆ ನಿಂತೇ ಓದಬೇಕೆಂದು ನನಗನ್ನಿಸುತ್ತದೆ. ಆತ ಒಳ್ಳೆಯ ಕುರುಬ, ಆದರೆ ಕುರಿಗಳಿಗಾಗಿ ಪ್ರಾಣ ಕೊಟ್ಟವನು; ಆತ ಯಾಜಕ, ಆದರೆ ತಾನೇ ಬಲಿಯಾದವನು. ಪ್ರತಿ ಪೂಜೆಯಲ್ಲಿ ನಾವು ದೇವರ ಕುರಿಮರಿ ಎಂದು ಕರೆಯುವುದೂ ಆತನನ್ನೇ.

ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಚರಿತ್ರೆಯಲ್ಲಿ ಹೆಸರಾದದ್ದು, ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಿಂದಲೇ ತಿಳಿದಿದ್ದ ದೊರೆಯ ಅಶೋಕನೆಂಬ ಸ್ವಂತ ಹೆಸರನ್ನು ಅದು ತೋರಿಸಿಕೊಟ್ಟ ಕಾರಣಕ್ಕೆ. ಸಂತ ಲೂಕರ ಶುಭಸಂದೇಶದಲ್ಲಿ ಆ ಕಳ್ಳನೂ ಬಿರುದುಗಳನ್ನೆಲ್ಲ ದಾಟಿ ನೇರವಾಗಿ ಹೆಸರಿಗೇ ಹೋಗುತ್ತಾನೆ. ‘ಯೇಸುವೇ, ನೀವು ನಿಮ್ಮ ರಾಜ್ಯಕ್ಕೆ ಬರುವಾಗ ನನ್ನನ್ನು ನೆನಪುಮಾಡಿಕೊಳ್ಳಿ’ ಎನ್ನುತ್ತಾನೆ. ಅರಸ ಎಂಬ ಮಾತು ಅವನ ಬಾಯಲ್ಲಿಲ್ಲ, ಆದರೆ ಮೊಳೆ ಹೊಡೆಸಿಕೊಂಡು ಸಾಯುತ್ತಿರುವ ಮನುಷ್ಯನಿಗೆ ಒಂದು ರಾಜ್ಯವಿದೆ ಎಂದು ಆ ಗುಡ್ಡದ ಮೇಲೆ ನಂಬಿದವನು ಅವನೇ. ಅದೇ ದಿನ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ತನ್ನೊಡನಿರುವ ಭಾಗ್ಯವನ್ನು ಯೇಸು ಅವನಿಗೆ ದಯಪಾಲಿಸುತ್ತಾನೆ.

ಕ್ರಿಸ್ತರಾಜನ ಹಬ್ಬದಂದು ಅನೇಕ ಧರ್ಮಕೇಂದ್ರಗಳಲ್ಲಿ ಪರಮಪ್ರಸಾದದ, ಅಂದರೆ ಕ್ರಿಸ್ತನ ದೇಹವೆಂದು ನಾವು ನಂಬುವ ರೊಟ್ಟಿಯ, ಮೆರವಣಿಗೆ ಹೊರಡುತ್ತದೆ. ಗುರುಗಳು ಎರಡೂ ಕೈಗಳಿಂದ ಎತ್ತಿಹಿಡಿದ ಬಂಗಾರಬಣ್ಣದ ಪಾತ್ರೆಯ ನಡುವೆ, ಗಾಜಿನ ಹಿಂದೆ ಇರುವುದು ಅಂಗೈಗಿಂತ ಚಿಕ್ಕದಾದ, ತೆಳ್ಳಗಿನ ಬಿಳಿಯ ರೊಟ್ಟಿ. ನಮ್ಮ ಅರಸನು ಊರಿನ ಬೀದಿಗೆ ಬರುವುದು ಹೀಗೆ, ಆಹಾರವಾಗಿ. ಆದ್ದರಿಂದಲೇ ಸಂತ ಮತ್ತಾಯರ ಆ ತೀರ್ಪಿನ ವಾಚನ ಬಂದ ವರ್ಷ ನನಗೆ ಭಯವೂ ಆಗುತ್ತದೆ. ಅಲ್ಲಿ ಬಲಗಡೆ ನಿಂತವರೂ ಎಡಗಡೆ ನಿಂತವರೂ ಆತನನ್ನು ‘ಪ್ರಭುವೇ’ ಎಂದೇ ಕರೆಯುತ್ತಾರೆ. ‘ಪ್ರಭುವೇ, ನೀವು ಹಸಿದಿದ್ದನ್ನು ನಾವು ಕಂಡದ್ದು ಯಾವಾಗ?’ ಎಂಬ ಪ್ರಶ್ನೆಯೂ ಇಬ್ಬರದೂ ಹೌದು. ಒಬ್ಬರು ಉಣ್ಣಿಸಿದ್ದರು, ಇನ್ನೊಬ್ಬರು ಉಣ್ಣಿಸಿರಲಿಲ್ಲ.

ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಡೆ ಗುಳೆ ಹೋಗುತ್ತವೆ. ಊರಲ್ಲಿ ಉಳಿದವರು ಬಾಗಿಲು ಕಾಯುವ ಮುದುಕ ಮುದುಕಿಯರು. ‘ನಾನು ಪರದೇಶಿಯಾಗಿದ್ದೆ, ನನಗೆ ಆಶ್ರಯ ಕೊಟ್ಟಿರಿ’ ಎಂದು ಅರಸನು ಹೇಳುವುದನ್ನು ಕೇಳುವಾಗ ನನಗೆ ಆ ಬೀಗ ಬಿದ್ದ ಮನೆಗಳೇ ನೆನಪಾಗುತ್ತವೆ. ಮೆರವಣಿಗೆ ಅಂಥ ಓಣಿಗಳಲ್ಲಿಯೂ ಹಾದು ಬರಬೇಕು, ಹಬ್ಬದ ಊಟದಲ್ಲಿ ಒಂದು ಪಾಲು ಆ ವೃದ್ಧರ ಮನೆಗೆ ಮುಟ್ಟಬೇಕು ಎಂಬುದು ನನ್ನ ಆಸೆ.