ಅವ್ವ ಕೇಳಿದ ಶಾಸನ

ಈಚೆಗೆ ಮೊಬೈಲಿನಲ್ಲಿ ಅಶೋಕನ ಶಾಸನಗಳ ಬಗ್ಗೆ ಓದುತ್ತಿದ್ದೇನೆ. ರಾಯಚೂರು ಜಿಲ್ಲೆಯವನಾದ್ದರಿಂದ ಮಸ್ಕಿಯ ಹೆಸರು ಬಂದಲ್ಲೆಲ್ಲ ಓದು ತಾನಾಗಿ ನಿಧಾನವಾಗುತ್ತದೆ. ಅಲ್ಲಿನ ಬಂಡೆಯ ಬರಹವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರೂ, ಅದುವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ದೊರೆಯ ಬಿರುದುಗಳಷ್ಟೇ ಇದ್ದವು. ‘ಅಸೋಕ’ ಎಂಬ ಹೆಸರು ಮೊದಲು ದೊರೆತದ್ದು ನಮ್ಮ ಮಸ್ಕಿಯಲ್ಲಿ!

ಅವ್ವನ ತವರು ಮಸ್ಕಿಯ ಪಕ್ಕದ ಹಳ್ಳಿ. ಅವಳಿಗೆ ಅಕ್ಷರ ಬಾರದು. ಮೊನ್ನೆ ಜೋಳ ಹಸನು ಮಾಡುತ್ತ ಕುಳಿತವಳು, "ಆಗಿನಿಂದ ಅದರಲ್ಲಿ ಏನು ನೋಡುತ್ತಿದ್ದೀಯಪ್ಪಾ?" ಎಂದಳು. ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವನ್ನು ಒತ್ತಿ ಫೋನನ್ನು ಅವಳ ಮುಂದಿಟ್ಟೆ. ಆ ದನಿ ‘ಕ್ರಿ.ಪೂ.’ ಬಂದಲ್ಲಿ ತಡವರಿಸಿತು, ನಿಲ್ಲಬಾರದ ಕಡೆ ನಿಂತಿತು. ಅವ್ವನ ಕೈ ಮಾತ್ರ ಮೊರದ ಮೇಲೆ ಆಡಲಿಲ್ಲ. "ಮಲ್ಲಯ್ಯನ ಗುಡ್ಡಕ್ಕೆ ಎಷ್ಟು ಸಲ ಹೋಗಿದ್ದೇನೆ! ನಮ್ಮೂರ ಕಡೆಯ ಕಲ್ಲಿನಲ್ಲಿ ಇಂಥದ್ದು ಬರೆದಿದೆ ಎಂದು ಒಬ್ಬರೂ ಹೇಳಲಿಲ್ಲವಲ್ಲ" ಎಂದಳು.

ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಉನ್ನತ ಗುರಿ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎನ್ನುತ್ತದೆ ಮಸ್ಕಿಯ ಶಾಸನ. ‘ಹೇಳಬೇಕು’ ಎಂಬಲ್ಲಿ ನನ್ನ ಮನಸ್ಸು ನಿಂತಿತು. ಬರಹ ಪ್ರಾಕೃತದಲ್ಲಿದೆ. ಬಂಡೆಯ ಮುಂದೆ ನಿಂತು ತಾನೇ ಓದಿಕೊಳ್ಳಬಲ್ಲವರು ಆಗ ಎಷ್ಟು ಮಂದಿ ಇದ್ದಾರು? ಯಾರೋ ಓದಿ, ಇಲ್ಲಿನವರ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು. ಕೆತ್ತಿದವನಷ್ಟೇ ಆ ಮನುಷ್ಯನೂ ದೊಡ್ಡವನೆಂದು ನನಗೆ ಅನ್ನಿಸುತ್ತದೆ. ಓದು ಬಾರದವರು ಕೇಳಿದ್ದಕ್ಕೆ ಬೆಲೆ ಕಡಿಮೆಯೆಂದು ನಾನು ಒಪ್ಪುವುದಿಲ್ಲ.

ಅಂದಿನಿಂದ ಅವ್ವ ತನ್ನ ಫೋನಿಗೆ ಬಂದದ್ದನ್ನೆಲ್ಲ ಓದಿಸುತ್ತಾಳೆ. ಅಕ್ಕ ಕಳಿಸಿದ ಸುದ್ದಿ, ಮಳೆಯ ಮುನ್ಸೂಚನೆ, ಎಲ್ಲವೂ ಅವಳಿಗೆ ನೇರವಾಗಿ ಸಿಗುತ್ತಿವೆ. ಪಿಂಚಣಿಯ ಸಂದೇಶ ಮಾತ್ರ ಇಂಗ್ಲಿಷಿನಲ್ಲಿತ್ತು. ಫೋನು ಅದನ್ನೂ ಓದಿತು. ಹಣ ಜಮೆಯಾಗಿದೆ ಎಂದು ಕೊನೆಗೆ ನಾನೇ ಹೇಳಬೇಕಾಯಿತು. ಅವಳ ದುಡ್ಡಿನ ಸುದ್ದಿ ಅವಳಿಗೇ ಅರ್ಥವಾಗದಂತೆ ಬರುವುದು ನನಗೆ ಸಹಿಸಲಾಗದ ಅನ್ಯಾಯ. ಸಂದೇಶಗಳನ್ನು ಕನ್ನಡದಲ್ಲಿ ಕಳಿಸಿರೆಂದು ಅರ್ಜಿ ಬರೆದು, ಅವ್ವನಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ ಕೊಟ್ಟು ಬಂದಿದ್ದೇನೆ.